ಗವರ್ನರರ ಪೆನ್ನು, ನಮ್ಮ ಬಜೆಟ್ಟು

ಈಚಿನ ವರ್ಷಗಳಲ್ಲಿ ಬಜೆಟ್ ಬಂದಾಗಲೆಲ್ಲ ನಮ್ಮ ಹೆಬಳೆಯ ಕಡೆ ಒಂದು ಮಾತು ಕಿವಿಗೆ ಬೀಳುತ್ತದೆ. ಗ್ಯಾರಂಟಿ ಯೋಜನೆಗಳನ್ನು ಒಪ್ಪದವರು ಕೇಳುತ್ತಾರೆ: "ಸಹಿ ಹಾಕುದು ರಾಜ್ಯಪಾಲ್ರೇ ಅಲ್ದಾ? ಬೇಡದ್ದಕ್ಕೆ ಗೀಟು ಹೊಡ್ದು, ಉಳಿದದ್ದಕ್ಕೆ ಸಹಿ ಹಾಕುಕೆ ಆಗುದಿಲ್ವಾ?" ಯೋಜನೆ ಬೇಕೆನ್ನುವವರಿಗೆ ಅದೇ ಹೆದರಿಕೆ. ಆಧುನಿಕ ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿರುವ ನನಗೆ ಈ ಪ್ರಶ್ನೆ ಸಣ್ಣದೆನಿಸುವುದಿಲ್ಲ.

ಉತ್ತರವೇನೋ ಚಿಕ್ಕದು: ಆಗುವುದಿಲ್ಲ. ಪ್ರತಿ ಅನುದಾನದ ಬೇಡಿಕೆಯೂ ರಾಜ್ಯಪಾಲರ ಶಿಫಾರಸಿನ ಮೇಲೆಯೇ ವಿಧಾನಸಭೆಗೆ ಬರಬೇಕು, ನಿಜ. ಆದರೆ ಆ ಶಿಫಾರಸು ಮಂತ್ರಿಮಂಡಲದ ಸಲಹೆಯಂತೆ ಆಗುವಂಥದ್ದು. ಬೇಡಿಕೆಯನ್ನು ಒಪ್ಪುವುದು, ತಳ್ಳುವುದು, ಕಡಿಮೆ ಮಾಡುವುದು ಸಭೆಯ ಹಕ್ಕು. ಕೊನೆಗೆ ಬರುವ ಧನವಿನಿಯೋಗ ವಿಧೇಯಕವನ್ನು ಮರುಪರಿಶೀಲನೆಗೆಂದು ಹಿಂದಕ್ಕೆ ಕಳಿಸುವ ಅವಕಾಶವೂ ಸಂವಿಧಾನದ 200ನೇ ವಿಧಿಯಲ್ಲಿಲ್ಲ. ಒಂದು ಸಾಲನ್ನು ಮಾತ್ರ ಹೊಡೆದುಹಾಕುವ ಮಾತಂತೂ ಎಲ್ಲಿಯೂ ಇಲ್ಲ.

ಅಂಥ ಅಧಿಕಾರವಿರುವುದು ಅಮೆರಿಕದಲ್ಲಿ. ಅಲ್ಲಿನ 50 ರಾಜ್ಯಗಳ ಪೈಕಿ 44ರಲ್ಲಿ ಗವರ್ನರ್ ಬಜೆಟ್ಟಿನ ಒಂದೊಂದೇ ಬಾಬ್ತನ್ನು ಹೊಡೆದುಹಾಕಬಹುದು. ವಿಸ್ಕಾನ್ಸಿನ್ ರಾಜ್ಯದ್ದು ವಿಚಿತ್ರ ಕಥೆ. 1930ರಿಂದ ಅಲ್ಲಿನ ಗವರ್ನರಿಗೆ ಪದ, ಅಂಕಿಗಳನ್ನೂ ಅಳಿಸುವ ಅಧಿಕಾರವಿದೆ. ಶಾಲೆಗಳ ವರಮಾನದ ಮಿತಿಯನ್ನು 2024-25ರವರೆಗೆ ಪ್ರತಿವರ್ಷ ಹೆಚ್ಚಿಸುವ ಸಾಲೊಂದು 2023ರ ಬಜೆಟ್ಟಿನಲ್ಲಿತ್ತು. ಗವರ್ನರ್ ಟೋನಿ ಎವರ್ಸ್ ನಡುವಿನ 20 ಅಂಕಿಯನ್ನೂ ಅಡ್ಡಗೆರೆಯನ್ನೂ ಅಳಿಸಿದರು. ಉಳಿದದ್ದು 2425. ಎರಡು ವರ್ಷದ ಹೆಚ್ಚಳ ನಾನೂರು ವರ್ಷದ್ದಾಯಿತು! ಅಲ್ಲಿನ ಸುಪ್ರೀಂ ಕೋರ್ಟು 2025ರಲ್ಲಿ ಅದನ್ನು ಎತ್ತಿಹಿಡಿಯಿತು.

ನಮ್ಮ ಕರಾವಳಿಯ ಬಜೆಟ್ಟಿನ ಮೇಲೂ ಒಂದು ಕಾಲದಲ್ಲಿ ಗವರ್ನರರ ಪೆನ್ನು ಆಡುತ್ತಿತ್ತು. ಆಡುತ್ತಿದ್ದದ್ದು ಮಾತ್ರ ತಿರುಗಾಮುರುಗಾ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಭಟ್ಕಳ ಆಗ ಹೊನ್ನಾವರದ ಕೆಳಗಿನ ಪೇಟಾ. 1919ರ ಕಾಯ್ದೆಯ ನಂತರ ಮುಂಬಯಿಯ ಶಾಸನ ಪರಿಷತ್ತಿಗೆ ಬಜೆಟ್ ಬೇಡಿಕೆಗಳ ಮೇಲೆ ಮತ ಹಾಕುವ ಹಕ್ಕು ಬಂತು. ಜೊತೆಗೆ ಒಂದು ಕೊಕ್ಕೆಯೂ ಬಂತು. ಪೊಲೀಸು, ಭೂಕಂದಾಯದಂಥ 'ಕಾದಿರಿಸಿದ' ವಿಷಯಗಳ ಹಣವನ್ನು ಪರಿಷತ್ತು ಕಡಿದರೆ, 'ಇದು ನನ್ನ ಹೊಣೆಗೆ ಅತ್ಯಗತ್ಯ' ಎಂದು ಗವರ್ನರ್ ಬರೆದರೆ ಸಾಕು, ಕಡಿದದ್ದು ಮತ್ತೆ ಕೂಡಿಕೊಳ್ಳುತ್ತಿತ್ತು. (ಕಾಡು ಮಾತ್ರ ಮುಂಬಯಿ ಪ್ರಾಂತದಲ್ಲಿ ಮಂತ್ರಿಗಳ ಕಡೆಗಿತ್ತು. ಹೆಚ್ಚಿನ ಪ್ರಾಂತಗಳಲ್ಲಿ ಹಾಗಿರಲಿಲ್ಲ. ನಮ್ಮಂಥ ಕಾಡು ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ.) ಅಮೆರಿಕದ ಗವರ್ನರ್ ಸಭೆ ಕೊಟ್ಟದ್ದನ್ನು ಕಡಿದರೆ, ನಮ್ಮ ಗವರ್ನರ್ ಸಭೆ ಕಡಿದದ್ದನ್ನು ಕೊಡುತ್ತಿದ್ದರು.

ಕೊಡುವುದು ಒಳ್ಳೆಯದಲ್ಲವೇ ಎನ್ನಬಹುದು. ಆದರೆ ಪರಿಷತ್ತಿನ ಕೈಯಲ್ಲಿದ್ದ ಏಕೈಕ ಹತ್ಯಾರವೇ 'ಹಣ ಕೊಡುವುದಿಲ್ಲ' ಎಂಬ ಮಾತು. ಅದನ್ನೇ ಕಿತ್ತುಕೊಂಡರೆ ಉಳಿಯುವುದು ಭಾಷಣ ಮಾತ್ರ. 1924ರಲ್ಲಿ ಮಧ್ಯಪ್ರಾಂತದ ಪರಿಷತ್ತಿನಲ್ಲಿ ಸ್ವರಾಜ್ಯ ಪಕ್ಷದವರು ಹೆಚ್ಚುಕಡಿಮೆ ಇಡೀ ಬಜೆಟ್ಟನ್ನೇ ತಳ್ಳಿಹಾಕಿ, ಮಂತ್ರಿಗಳ ಸಂಬಳವನ್ನು ವರ್ಷಕ್ಕೆ 2 ರೂಪಾಯಿಗೆ ಇಳಿಸಿದರು. ಗವರ್ನರ್ ತಮ್ಮ ಅಧಿಕಾರ ಬಳಸಿ ಸರಕಾರ ನಡೆಸಿದರು.

ಅದಕ್ಕೆ ಒಂದು ವರ್ಷ ಮೊದಲು ಇದರ ಬಿಸಿ ಕುಮಟೆಯ ಕಡೆಗೂ ತಾಗಿತ್ತು, ಆದರೆ ಅದು ದಿಲ್ಲಿಯಿಂದ ಬಂದದ್ದು. ಸೈನ್ಯದ ಖರ್ಚಿನ ಮೇಲೆ ಕೇಂದ್ರ ಶಾಸನಸಭೆಗೆ ಮತದ ಹಕ್ಕಿರಲಿಲ್ಲ. ಬಜೆಟ್ಟಿನಲ್ಲಿ ಕೊರತೆ ಬಿದ್ದಾಗ ಉಪ್ಪಿನ ತೆರಿಗೆಯನ್ನು ಮಣಕ್ಕೆ ಒಂದೂಕಾಲು ರೂಪಾಯಿಯಿಂದ ಎರಡೂವರೆಗೆ ಏರಿಸಲು ಸರಕಾರ ಹೊರಟಿತು. ಸಭೆ ಒಪ್ಪಲಿಲ್ಲ. ವೈಸರಾಯ್ ರೀಡಿಂಗ್ ತಮ್ಮ ವಿಶೇಷಾಧಿಕಾರದಿಂದ ಅದನ್ನು ಜಾರಿಗೆ ತಂದರು. ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಬೆಳೆಯುವ, ಮೀನಿಗೆ ಉಪ್ಪು ಹಾಕಿ ಒಣಗಿಸಿಡುವ ಕರಾವಳಿಯಿದು. ಇಲ್ಲಿ ಉಪ್ಪಿನ ತೆರಿಗೆ ದುಪ್ಪಟ್ಟಾದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. 1924ರಲ್ಲಿ ತೆರಿಗೆ ಮತ್ತೆ ಒಂದೂಕಾಲಕ್ಕೆ ಇಳಿಯಿತು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದದ್ದನ್ನು ಪಾಠದಲ್ಲಿ ಓದುತ್ತೇವೆ. ಅದರ ಹಿಂದಿನ ಈ 1923ನ್ನು ಯಾಕೋ ಓದುವುದಿಲ್ಲ.

1935ರ ಕಾಯ್ದೆ ಗವರ್ನರರ ಪೆನ್ನಿಗೆ ಹೊಸ ಶಾಯಿ ತುಂಬಿತು. ಸಭೆ ಮತ ಹಾಕಿದ ಮೇಲೆ ಖರ್ಚಿನ ಪಟ್ಟಿಗೆ ಸಹಿ ಮಾಡುವಾಗ, ತಮ್ಮ 'ವಿಶೇಷ ಹೊಣೆ'ಗಳಿಗೆ ಧಕ್ಕೆಯಾಯಿತೆಂದು ಕಂಡರೆ, ಗವರ್ನರ್ ಸಭೆ ನಿರಾಕರಿಸಿದ ಮೊತ್ತವನ್ನು ಪಟ್ಟಿಗೆ ಸೇರಿಸಬಹುದಿತ್ತು. 1937ರ ಚುನಾವಣೆಯಲ್ಲಿ ಮುಂಬಯಿಯ 175 ಸ್ಥಾನಗಳಲ್ಲಿ 86 ಗೆದ್ದ ಕಾಂಗ್ರೆಸ್ಸು ತಿಂಗಳುಗಟ್ಟಲೆ ಸರಕಾರ ರಚಿಸದೆ ಕೂತಿತ್ತು. ವಿಶೇಷಾಧಿಕಾರ ಬಳಸುವುದಿಲ್ಲವೆಂದು ಗವರ್ನರ್ ಭರವಸೆ ಕೊಡಲಿ ಎಂಬುದು ಅದರ ಹಟ. ಜುಲೈನಲ್ಲಿ ಬಿ. ಜಿ. ಖೇರ್ ಪ್ರಧಾನಿಯಾದರು, ಪ್ರಾಂತದ ಮುಖ್ಯಸ್ಥರನ್ನು ಆಗ ಹಾಗೆಯೇ ಕರೆಯುತ್ತಿದ್ದರು. 1939ರ ನವೆಂಬರಿನಲ್ಲಿ ಯುದ್ಧದ ಪ್ರಶ್ನೆಯ ಮೇಲೆ ಅವರ ಸರಕಾರ ರಾಜೀನಾಮೆ ಕೊಟ್ಟಿತು. ಅಲ್ಲಿಂದ 1946ರವರೆಗೆ, ಆರು ವರ್ಷಕ್ಕೂ ಮಿಕ್ಕಿ, 93ನೇ ಸೆಕ್ಷನ್ನಿನಡಿ ಗವರ್ನರರದೇ ಆಡಳಿತ. ಗೀಟು ಹೊಡೆಯುವುದು, ಸೇರಿಸುವುದು ಎಂಬ ಮಾತಿಗೇ ಆಗ ಅರ್ಥವಿರಲಿಲ್ಲ. ಹೊನ್ನಾವರದ ರಸ್ತೆಗೋ ಭಟ್ಕಳದ ಶಾಲೆಗೋ ಎಷ್ಟು ಹಣವೆಂದು ಕೇಳಲು ಸಭೆಯೇ ಕೂಡುತ್ತಿರಲಿಲ್ಲ.

ಸಂವಿಧಾನ ಬರೆದವರಿಗೆ ಇದೆಲ್ಲ ಕಣ್ಣೆದುರಿನ ಅನುಭವ. ಅವರು ಹಳೆಯ ಕಾಯ್ದೆಯ ಚೌಕಟ್ಟನ್ನು ಬಹುಮಟ್ಟಿಗೆ ಉಳಿಸಿಕೊಂಡು, ಸೇರಿಸುವ ಪೆನ್ನನ್ನು ಕಿತ್ತರು. ರಾಜ್ಯಪಾಲರ ಸಂಬಳ, ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ಸಾಲದ ಬಡ್ಡಿ ಈಗಲೂ ಮತಕ್ಕೆ ಬರುವುದಿಲ್ಲ, ಚರ್ಚೆಗೆ ಬರಬಹುದು. 1935ರ ಕಾಯ್ದೆಯಲ್ಲಿ ಮಂತ್ರಿಗಳ ಸಂಬಳವೂ ಮತದಿಂದ ಹೊರಗಿತ್ತು. ಆ 2 ರೂಪಾಯಿ ಬ್ರಿಟಿಷರಿಗೆ ನೆನಪಿತ್ತೆಂದು ಕಾಣುತ್ತದೆ. ನಮ್ಮವರು ಅದನ್ನು ಮತ್ತೆ ಮತಕ್ಕೆ ತಂದರು. ನನಗೆ ಇದು ಇಡೀ ಬದಲಾವಣೆಯಲ್ಲೇ ಚೆಂದದ ತಿದ್ದುಪಡಿ. ರಾಷ್ಟ್ರಪತಿ ಆಳ್ವಿಕೆ ಬಂದರೂ ಶಾಸನಸಭೆಯ ಅಧಿಕಾರ ಹೋಗುವುದು ಸಂಸತ್ತಿಗೇ ಹೊರತು ರಾಜಭವನಕ್ಕಲ್ಲ. 1971-72ರಲ್ಲಿ ಮೈಸೂರು ರಾಜ್ಯಕ್ಕೆ ಆದದ್ದು ಹಾಗೆಯೇ.

ಉತ್ತರ ಕನ್ನಡ 1956ರ ನವೆಂಬರ್ 1ರಂದು ಮುಂಬಯಿಯಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಹೊಸ ರಾಜ್ಯದ ಮೊದಲ ರಾಜ್ಯಪಾಲರು ಜಯಚಾಮರಾಜೇಂದ್ರ ಒಡೆಯರು. ಹತ್ತು ವರ್ಷದ ಹಿಂದೆ ಅವರು ಒಂದು ಸಂಸ್ಥಾನದ ದೊರೆ, ಕೊನೆಯ ಮಾತು ಅರಮನೆಯದಾಗಿತ್ತು. ಈಗ ಬೆಂಗಳೂರಿನ ಸಭೆ ಒಪ್ಪಿದ ಮೊತ್ತಕ್ಕೆ, ಒಪ್ಪಿದ ಹಾಗೆಯೇ, ಅವರು ಸಹಿ ಹಾಕಬೇಕಿತ್ತು.