ಬ್ರೋಮೈಡಿನಿಂದ ಅಯಾನಿನವರೆಗೆ: ಅಪಸ್ಮಾರದ ಚರಿತ್ರೆಯಲ್ಲಿ ಉಪ್ಪು

ರೋಗದ ಚರಿತ್ರೆಯನ್ನು ಔಷಧಿಯ ಚರಿತ್ರೆಯಾಗಿ ಬರೆಯುವುದು ರೂಢಿ. ಅಪಸ್ಮಾರದ ಮಟ್ಟಿಗೆ ಈ ಕ್ರಮ ಸಾಲದು. ಇದರ ಮೊದಲ ಪರಿಣಾಮಕಾರಿ ಔಷಧಿ ದೊರೆತದ್ದು ಕಾರಣ ತಿಳಿದ ಮೇಲಲ್ಲ, ಒಂದು ತಪ್ಪು ತರ್ಕದ ಮೂಲಕ. ಆ ಔಷಧಿ ಒಂದು ಉಪ್ಪು. ಅದು ಏಕೆ ಫಲಕಾರಿಯೆಂಬುದು ಅರ್ಥವಾಗಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಅಪಸ್ಮಾರವೆಂದರೆ ಸ್ಮೃತಿ ಕಳಚುವುದು. ಚರಕಸಂಹಿತೆ ಇದನ್ನು ವಾತ, ಪಿತ್ತ, ಕಫ, ಸನ್ನಿಪಾತಗಳೆಂದು ನಾಲ್ಕು ಬಗೆಯಾಗಿ ವಿಂಗಡಿಸಿತು. ಹಿಪೊಕ್ರಟಿಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರೀಕ್ ಗ್ರಂಥಸಮೂಹದ ಒಂದು ಕೃತಿ, ‘ಪವಿತ್ರ ರೋಗ’ವೆನಿಸಿದ್ದ ಇದು ಇತರ ರೋಗಗಳಿಗಿಂತ ಹೆಚ್ಚು ದೈವಿಕವಲ್ಲ, ಮಿದುಳಿನಿಂದ ಹುಟ್ಟುವಂಥದು ಎಂದು ವಾದಿಸಿತು. ಜನಪದರ ವಿವರಣೆ ಬೇರೆ. ಗಾಳಿಯೋ ಗ್ರಹವೋ ಹೊರಗಿನದೊಂದು ಒಳಹೊಕ್ಕಿದೆ ಎಂಬುದು ಅದರ ತಿರುಳು. ಬಿದ್ದವರ ಕೈಗೆ ಬೀಗದಕೈ ಕೊಡುವುದು ಕಬ್ಬಿಣ ಅಂಥದ್ದನ್ನು ತಡೆಯುತ್ತದೆಂಬ ನಂಬಿಕೆಯಿಂದ. ಬಾಣಂತಿಯ ಬಳಿ ಕಬ್ಬಿಣವಿಡುವ ತರ್ಕವೂ ಇದೇ. ಸೆಳವು ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಆದಕಾರಣ ಬೀಗದಕೈಯೇ ನಿಲ್ಲಿಸಿತೆಂಬುದಕ್ಕೆ ಪ್ರತಿಸಲವೂ ಸಾಕ್ಷ್ಯ ದೊರೆತಂತಾಗುತ್ತದೆ. ನಂಬಿಕೆಯ ಬಾಳಿಕೆಗೆ ಇಷ್ಟು ಸಾಕು.

ಫ್ರಾನ್ಸಿನ ಮಾಂಟ್‌ಪೆಲಿಯೆಯಲ್ಲಿ ಆಂಟ್ವಾನ್ ಬಲಾರ್ ಎಂಬ ಯುವ ರಸಾಯನಶಾಸ್ತ್ರಜ್ಞ 1826ರಲ್ಲಿ ಕಡಲ ಉಪ್ಪಿನ ಗದ್ದೆಗಳ ಕಡುನೀರಿನಿಂದ ಬ್ರೋಮಿನನ್ನು ಬೇರ್ಪಡಿಸಿದ. ಮೂವತ್ತೊಂದು ವರ್ಷಗಳ ಬಳಿಕ, 1857ರ ಮೇ 11ರಂದು, ಲಂಡನ್ನಿನ ವೈದ್ಯಕೀಯ ಸಭೆಯೊಂದರಲ್ಲಿ ಎಡ್ವರ್ಡ್ ಸೀವ್‌ಕಿಂಗ್ ಅಪಸ್ಮಾರದ 52 ರೋಗಿಗಳನ್ನು ಕುರಿತ ಪ್ರಬಂಧ ಓದಿದರು. ಅಧ್ಯಕ್ಷತೆ ವಹಿಸಿದ್ದ ಚಾರ್ಲ್ಸ್ ಲೊಕಾಕ್, ವಿಕ್ಟೋರಿಯಾ ರಾಣಿಯ ಪ್ರಸೂತಿ ವೈದ್ಯ, ಚರ್ಚೆಯ ನಡುವೆ ಪೊಟ್ಯಾಸಿಯಂ ಬ್ರೋಮೈಡನ್ನು ಹದಿನಾಲ್ಕು ಹದಿನೈದು ಸ್ತ್ರೀಯರಿಗೆ ಕೊಟ್ಟುದಾಗಿಯೂ ಒಬ್ಬರಲ್ಲಿ ಮಾತ್ರ ಅದು ವಿಫಲವಾಯಿತೆಂದೂ ಹೇಳಿದರು. ಅವರು ಅದನ್ನು ಆರಿಸಿದ ಕಾರಣ ವಿಚಿತ್ರವಾದುದು. ಅಪಸ್ಮಾರಕ್ಕೂ ಕಾಮೋದ್ರೇಕಕ್ಕೂ ನಂಟಿದೆಯೆಂಬುದು ಆ ಕಾಲದ ವೈದ್ಯರ ನಂಬಿಕೆ. ಬ್ರೋಮೈಡು ತಾತ್ಕಾಲಿಕವಾಗಿ ಪುಂಸತ್ವವನ್ನು ಕುಗ್ಗಿಸುತ್ತದೆಂಬ ಜರ್ಮನ್ ವರದಿಯೊಂದನ್ನು ಲೊಕಾಕ್ ಓದಿದ್ದರು. ಬೀಗದಕೈಯ ತರ್ಕಕ್ಕಿಂತ ಈ ತರ್ಕ ಗಟ್ಟಿಯಾದುದೇನಲ್ಲ. ವ್ಯತ್ಯಾಸವಿಷ್ಟೇ: ಇಲ್ಲಿ ಮದ್ದು ನಿಜಕ್ಕೂ ಕೆಲಸ ಮಾಡಿತು.

ಅದಕ್ಕೆ ತೆತ್ತ ಬೆಲೆ ಸಣ್ಣದಾಗಿರಲಿಲ್ಲ. ಬ್ರೋಮೈಡು ದೇಹದಲ್ಲಿ ವಾರಗಟ್ಟಲೆ ಉಳಿದು ಸಂಚಯವಾಗುತ್ತದೆ; ಮಂಕು, ತೊದಲು, ಮೈಮೇಲೆ ಗುಳ್ಳೆ, ಕೆಲವೊಮ್ಮೆ ಭ್ರಮೆ. ಪ್ರಮಾಣವನ್ನು ತಗ್ಗಿಸುವ ಉಪಾಯವನ್ನು 1899ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಎಡ್ವಾರ್ ಟುಲೂಸ್ ಸೂಚಿಸಿದರು: ರೋಗಿಯ ಊಟದಿಂದ ಅಡುಗೆಯುಪ್ಪನ್ನು ಕಡಿಮೆ ಮಾಡುವುದು. ಕ್ಲೋರೈಡಿನ ಜಾಗವನ್ನು ಬ್ರೋಮೈಡು ತುಂಬುತ್ತದೆ, ಕಡಿಮೆ ಮದ್ದಿಗೇ ಹೆಚ್ಚು ಫಲ ಕಾಣುತ್ತದೆ. ಉಪ್ಪು ಹುಳಿ ಬಿಡಿಸುವ ನಾಟಿ ಪಥ್ಯ ಬಲ್ಲವರಿಗೆ ಇದು ಪರಿಚಿತವೆನಿಸಬಹುದು. ಆದರೆ ಹೋಲಿಕೆ ಮೇಲ್ನೋಟದ್ದು. ಫ್ರೆಂಚ್ ವೈದ್ಯರ ಪಥ್ಯ ಬ್ರೋಮೈಡಿನ ಜೊತೆಗಷ್ಟೇ ಅರ್ಥಪೂರ್ಣ. ಮದ್ದಿಲ್ಲದೆ ಉಪ್ಪು ಬಿಟ್ಟಮಾತ್ರಕ್ಕೆ ಅಪಸ್ಮಾರ ವಾಸಿಯಾಗದು. ರಕ್ತದಲ್ಲಿ ಸೋಡಿಯಂ ತೀರ ಇಳಿದರೆ ಅದೇ ಸೆಳವಿಗೆ ಕಾರಣವಾಗುತ್ತದೆ.

ಉಪ್ಪಿನಿಂದ ಅಯಾನಿಗೆ ಸಾಗಿದ ದಾರಿ ನಿಧಾನದ್ದು. ನರಕೋಶದ ಪೊರೆಯ ಒಳಹೊರಗಿನ ಅಯಾನುಗಳ ವ್ಯತ್ಯಾಸವೇ ವಿದ್ಯುತ್ತಿನ ಮೂಲವೆಂದು ಜರ್ಮನಿಯ ಯೂಲಿಯಸ್ ಬರ್ನ್‌ಸ್ಟೈನ್ 1902ರಲ್ಲಿ ಪ್ರತಿಪಾದಿಸಿದರು. ಸೋಡಿಯಂ ಒಳನುಗ್ಗಿ ಪೊಟ್ಯಾಸಿಯಂ ಹೊರಹರಿಯುವುದರಿಂದಲೇ ನರಸಂದೇಶ ಸಾಗುತ್ತದೆಂದು ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನ ಮೇಲೆ ಪ್ರಯೋಗ ನಡೆಸಿ 1952ರಲ್ಲಿ ತೋರಿಸಿದರು. 1963ರಲ್ಲಿ ನೊಬೆಲ್ ಪುರಸ್ಕಾರದ ಪಾಲು ಪಡೆದರು. ಮಿದುಳಿನಲ್ಲಿ ನರಕೋಶಗಳ ಹೊರಗಿನ ದ್ರವದ ಪೊಟ್ಯಾಸಿಯಂ ಲೀಟರಿಗೆ ಸುಮಾರು 3 ಮಿಲಿಮೋಲ್. ಸೆಳವಿನ ವೇಳೆ ಅದು 10ರಿಂದ 12ರವರೆಗೆ ಏರುತ್ತದೆ. ಹೊರಗೆ ಪೊಟ್ಯಾಸಿಯಂ ಹೆಚ್ಚಿದಷ್ಟೂ ಅಕ್ಕಪಕ್ಕದ ಕೋಶಗಳು ಸುಲಭವಾಗಿ ಉದ್ರೇಕಗೊಳ್ಳುತ್ತವೆ, ಅವು ಇನ್ನಷ್ಟು ಪೊಟ್ಯಾಸಿಯಂ ಚೆಲ್ಲುತ್ತವೆ. ಕ್ಲೋರೈಡಿನ ಕೆಲಸ ಇದಕ್ಕೆ ವಿರುದ್ಧ: ಗಾಬಾ ಎಂಬ ರಾಸಾಯನಿಕ ತೆರೆಯುವ ದ್ವಾರದಿಂದ ಒಳಬಂದು ಕೋಶವನ್ನು ತಣಿಸುತ್ತದೆ. ಈ ದ್ವಾರದಲ್ಲಿ ಬ್ರೋಮೈಡು ಕ್ಲೋರೈಡಿಗಿಂತ ಸಲೀಸಾಗಿ ಹಾಯುವುದರಿಂದ ತಣಿಸುವ ಶಕ್ತಿ ಹೆಚ್ಚುತ್ತದೆಂಬುದೇ ಲೊಕಾಕ್ ಕಂಡ ಗುಣಕ್ಕೆ ಈಗ ಒಪ್ಪಿತವಾಗಿರುವ ವಿವರಣೆ. ಕೋಶದೊಳಗೇ ಕ್ಲೋರೈಡು ತುಂಬಿಕೊಂಡರೆ ಗಾಬಾ ತಣಿಸುವ ಬದಲು ಕೆರಳಿಸಬಲ್ಲದು; ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮಾನವ ಮಿದುಳಿನ ತುಣುಕುಗಳಲ್ಲಿ ಪ್ಯಾರಿಸ್ಸಿನ ಸಂಶೋಧಕರು 2002ರಲ್ಲಿ ಇದನ್ನು ಕಂಡರು.

ಜನಪದರು ಎಣಿಸಿದ ಗಡಿ ದೇಹದ ಹೊಸಿಲಾದರೆ ವಿಜ್ಞಾನದ ಗಡಿ ಕೋಶದ ಪೊರೆ. ಈ ಸಾಮ್ಯವನ್ನು ಹೆಚ್ಚು ಎಳೆಯಬಾರದು, ಏಕೆಂದರೆ ಪೊರೆಯನ್ನು ದಾಟುವ ಅಯಾನಿಗೆ ಯಾರ ಮೇಲೂ ಮುನಿಸಿಲ್ಲ. ಮುನಿಸು, ಶಾಪ, ಕುಲದೋಷಗಳ ಮಾತು ಬಂದಾಗ ನಷ್ಟ ಅನುಭವಿಸಿದವರು ರೋಗಿಗಳು, ಅದರಲ್ಲಿಯೂ ಮದುವೆಯ ವಯಸ್ಸಿನ ಹೆಣ್ಣುಮಕ್ಕಳು. ಕಾನೂನೂ ಇದರಿಂದ ಮುಕ್ತವಾಗಿರಲಿಲ್ಲ. ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ, ಎಂದರೆ ಆ ನೊಬೆಲ್ ಬಂದು ಹದಿಮೂರು ವರ್ಷಗಳಾದ ಮೇಲೆ, ತಂದ ತಿದ್ದುಪಡಿಯು ಮರುಕಳಿಸುವ ಅಪಸ್ಮಾರವನ್ನು ಉನ್ಮಾದದ ಜೊತೆಗೆ ವಿವಾಹಕ್ಕೆ ಅನರ್ಹತೆಯೆಂದು ಸೇರಿಸಿತು. 1955ರ ಮೂಲ ಕಾಯಿದೆಯಲ್ಲಿ ಅಪಸ್ಮಾರದ ಹೆಸರಿರಲಿಲ್ಲ. ಆ ಪದವನ್ನು ತೆಗೆದುಹಾಕಿದ್ದು 1999ರಲ್ಲಿ. ಎರಡು ವರ್ಷಗಳ ಬಳಿಕ, 2001ರಲ್ಲಿ, ಬೆಲ್ಜಿಯಂನ ಸಂಶೋಧಕರು ಶೈಶವದ ತೀವ್ರ ಅಪಸ್ಮಾರವಿದ್ದ ಏಳು ಮಕ್ಕಳನ್ನು ಪರೀಕ್ಷಿಸಿದರು. ಏಳೂ ಮಂದಿಯಲ್ಲಿ ಸೋಡಿಯಂ ದ್ವಾರದ ಒಂದೇ ವಂಶವಾಹಿ ಕೆಟ್ಟಿತ್ತು. ಆ ದೋಷ ಅವರ ತಂದೆತಾಯಿಯರಲ್ಲಿ ಇರಲಿಲ್ಲ.