ಯಾವ ಪ್ರತಿ, ಯಾವ ಪಾಠ?

ಶಾರ್ಪ್ ಕಂಪನಿಯ ಜಾರಸ್ ಎಂಬ ಅಂಗೈ ಕಂಪ್ಯೂಟರನ್ನು ಈಗ ನೆನೆಯುವವರು ಕಡಿಮೆ. ಅದಕ್ಕೆ ಲಿನಕ್ಸ್ ಕಟ್ಟುತ್ತಿದ್ದವರ ಕೆಲಸದಿಂದ 2003ರಲ್ಲಿ ಓಪನ್‌ಎಂಬೆಡೆಡ್ ಹುಟ್ಟಿತು. 2010ರಲ್ಲಿ ಲಿನಕ್ಸ್ ಫೌಂಡೇಶನ್ ಯೋಕ್ಟೊ ಯೋಜನೆಯನ್ನು ಪ್ರಕಟಿಸಿತು. ರೂಟರ್‌ನಂಥ ಸಾಧನಗಳೊಳಗೆ ಕೂರುವ ತಂತ್ರಾಂಶವನ್ನು ಹಲವಾರು ಪ್ಯಾಕೇಜುಗಳಿಂದ ಜೋಡಿಸುವುದು ಇವುಗಳ ಕೆಲಸ.

ಇಲ್ಲಿ ಪ್ರತಿ ಪ್ಯಾಕೇಜಿಗೂ ಒಂದು ‘ರೆಸಿಪಿ’ ಇರುತ್ತದೆ: ಮೂಲ ಎಲ್ಲಿದೆ, ಜೊತೆಗೆ ಇನ್ನೇನು ಬೇಕು, ಹೇಗೆ ಕಟ್ಟಬೇಕು. ಗಿಟ್‌ನಿಂದ ತರುವ ಮೂಲಕ್ಕೆ 40 ಅಕ್ಷರಗಳ ಗುರುತು ಬರೆದರೆ ಆವೃತ್ತಿ ಕದಲದು. ‘ಇತ್ತೀಚಿನದು ಯಾವುದಾದರೂ ಸರಿ’ ಎಂದೂ ಬರೆಯಬಹುದು. ಆಗ ಇಂದು ಕಟ್ಟಿದ್ದು ನಾಳೆಯೂ ಅದೇ ಆಗಿರುವ ಖಾತರಿಯಿಲ್ಲ.

ಇದನ್ನು ನಾನು ಗ್ರಂಥಸಂಪಾದನೆಯ ಪ್ರಶ್ನೆಯಾಗಿಯೇ ನೋಡುತ್ತೇನೆ. ಯಾವ ಓಲೆಪ್ರತಿಯ ಪಾಠ ಎಂದು ಸಂಪಾದಕರು ದಾಖಲಿಸದಿದ್ದರೆ ಮುಂದಿನವರು ಅವರ ನಿರ್ಣಯವನ್ನು ಪರೀಕ್ಷಿಸಲಾರರು.

2014ರ ಏಪ್ರಿಲ್‌ನಲ್ಲಿ ಇಂಥ ದಾಖಲೆಯ ಬೆಲೆ ತಿಳಿಯಿತು. ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ‘ಹಾರ್ಟ್‌ಬ್ಲೀಡ್’ ದೋಷದಿಂದ ಮೆಮೊರಿಯಲ್ಲಿದ್ದ ಗುಟ್ಟುಗಳು ಸೋರಬಹುದಿತ್ತು. ಹಳೆಯ 1.0.0 ಸರಣಿಯಲ್ಲಿ ಅದಿರಲಿಲ್ಲ, 1.0.1ರಿಂದ 1.0.1ಎಫ್‌ವರೆಗೆ ಇತ್ತು, 1.0.1ಜಿ ಸರಿಪಡಿಸಿತು. ಹಳೆಯದು, ಹೊಸದು ಎಂದಷ್ಟೇ ತಿಳಿದರೆ ಸಾಲದು, ನಿಖರ ಆವೃತ್ತಿ ಗೊತ್ತಿರಬೇಕು. ಅದನ್ನು ಬರೆದಿಟ್ಟುಕೊಳ್ಳದವರಿಗೆ ಉಳಿದ ದಾರಿ ಒಂದೇ: ಪ್ರತಿ ಸಾಧನವನ್ನೂ ತಪಾಸಣೆ ಮಾಡುವುದು.

ಹಾಗೆಂದು ಆವೃತ್ತಿಯನ್ನು ಕಟ್ಟಿಹಾಕಿ ಮರೆಯುವುದೂ ಸಲ್ಲ. ದೋಷ ಕಂಡಾಗ ಬದಲಿಸಲೇಬೇಕು. ಆದರೆ ಏನನ್ನು ಬದಲಿಸುತ್ತಿದ್ದೇವೆ ಎಂದು ತಿಳಿಯಲು, ಮೊದಲು ಏನಿತ್ತು ಎಂಬುದು ಎಲ್ಲೋ ಒಂದು ಸಾಲಿನಲ್ಲಾದರೂ ಉಳಿದಿರಬೇಕು.