ಗೋಪ್ಯ ಕಡತ ಮತ್ತು ಕಲಬುರಗಿ: ಬೇಹುಗಾರಿಕೆ, ಗುಟ್ಟು ಹಾಗೂ ಉತ್ತರದಾಯಿತ್ವದ ಚರಿತ್ರೆ

1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಎಂಬ ಮೂವರು ಹೈದರಾಬಾದ್ ಸಂಸ್ಥಾನದಲ್ಲಿ ಸುತ್ತಾಡಿದರು. ಅವರನ್ನು ಕಳಿಸಿದ್ದು ನೆಹರೂ ಸರ್ಕಾರ. ಸೆಪ್ಟೆಂಬರ್ 13ರಂದು ಆರಂಭವಾದ ಭಾರತ ಸೇನೆಯ ‘ಪೊಲೀಸ್ ಕಾರ್ಯಾಚರಣೆ’ ಐದೇ ದಿನಗಳಲ್ಲಿ ನಿಜಾಮನ ಆಳ್ವಿಕೆಯನ್ನು ಮುಗಿಸಿತ್ತು. ಅದರ ಬೆನ್ನಿಗೇ ಮುಖ್ಯವಾಗಿ ಮುಸ್ಲಿಮರ ಮೇಲೆ ನಡೆದ ಕೊಲೆ, ಲೂಟಿಗಳ ಸುದ್ದಿ ದೆಹಲಿಯನ್ನು ತಲುಪಿತ್ತು. ಹದಿನಾರು ಜಿಲ್ಲೆಗಳ ಪೈಕಿ ಒಂಬತ್ತನ್ನು ನೋಡಿ, ತಾವು ಹೋಗಲಾಗದ ನೂರಕ್ಕೂ ಹೆಚ್ಚು ಹಳ್ಳಿಗಳ ಜನರ ಮಾತನ್ನೂ ಕೇಳಿಸಿಕೊಂಡು ಅವರು ಬರೆದ ವರದಿಯ ಪ್ರಕಾರ ಕಾರ್ಯಾಚರಣೆಯ ವೇಳೆ ಮತ್ತು ಅನಂತರ ಸತ್ತವರು 27,000ದಿಂದ 40,000. ಅತಿ ಹೆಚ್ಚು ಸಾವು ಸಂಭವಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ (ಇಂದಿನ ಕಲಬುರಗಿ), ಬೀದರ್, ನಾಂದೇಡ್ ಎಂಬ ನಾಲ್ಕು ಜಿಲ್ಲೆಗಳಲ್ಲಿ. ಅಲ್ಲಿಯ ಲೆಕ್ಕವೇ 18,000ಕ್ಕೆ ಕಡಿಮೆಯಿಲ್ಲ ಎಂದಿತು ವರದಿ. ಇವುಗಳಲ್ಲಿ ಎರಡು ಇಂದು ಕರ್ನಾಟಕದಲ್ಲಿವೆ. ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ಅದರ ಭಾಗಗಳು 1988ರಲ್ಲಿ ಒಮರ್ ಖಾಲಿದಿ ಸಂಪಾದಿಸಿದ ಪುಸ್ತಕದಲ್ಲಿ ಬಂದವು, 2013ರಲ್ಲಿ ಎ.ಜಿ. ನೂರಾನಿಯವರ ಪುಸ್ತಕದ ಅನುಬಂಧವಾಗಿ ವರದಿ ವ್ಯಾಪಕವಾಗಿ ಓದುಗರ ಕೈಗೆ ಸಿಕ್ಕಿತು. ಎರಡೂ ಇಂಗ್ಲಿಷಿನಲ್ಲಿ.

ಇದು ಗುಪ್ತಚರ ಸಂಸ್ಥೆಯೊಂದರ ವರದಿಯಲ್ಲ, ಸದ್ಭಾವನಾ ನಿಯೋಗದ ವರದಿ ಎಂದು ಯಾರಾದರೂ ಎತ್ತಿ ತೋರಿಸಬಹುದು. ಸರಿಯೇ. ಆದರೆ ಪ್ರಭುತ್ವ ತನ್ನ ಪ್ರಜೆಗಳ ಬಗ್ಗೆ ಸಂಗ್ರಹಿಸಿದ ಮಾಹಿತಿಯನ್ನು ಯಾರು ಓದಬೇಕು, ಎಷ್ಟು ಕಾಲ ಮುಚ್ಚಿಡಬೇಕು, ಮುಚ್ಚಿಡುವ ತೀರ್ಮಾನಕ್ಕೆ ಯಾರು ಉತ್ತರ ಹೇಳಬೇಕು ಎಂಬ ಪ್ರಶ್ನೆಗಳು ಎರಡಕ್ಕೂ ಒಂದೇ. ಗೋಪ್ಯತೆಯ ಚರ್ಚೆಯಲ್ಲಿ ನಾವು ಎರಡು ಬೇರೆ ಬೇರೆ ಗುಟ್ಟುಗಳನ್ನು ಒಂದೇ ಕಟ್ಟಿನಲ್ಲಿ ಕಟ್ಟುತ್ತೇವೆ. ಒಂದು ಮೂಲದ ಗುಟ್ಟು: ಸುದ್ದಿ ಕೊಟ್ಟವರು ಯಾರು, ಅದನ್ನು ಪಡೆದ ಬಗೆ ಯಾವುದು. ಇನ್ನೊಂದು ತೀರ್ಮಾನದ ಗುಟ್ಟು: ಆ ಸುದ್ದಿಯ ಮೇಲೆ ಆದೇಶ ಕೊಟ್ಟವರು ಯಾರು, ಯಾವ ಕಾನೂನಿನ ಬಲದಿಂದ, ಪರಿಣಾಮ ಏನಾಯಿತು. ಮೊದಲನೆಯದಿಲ್ಲದೆ ಬೇಹುಗಾರಿಕೆ ನಡೆಯದು, ಅದನ್ನು ಬಿಟ್ಟುಕೊಡಬೇಕೆಂದು ಯಾವ ಪ್ರಜಾಪ್ರಭುತ್ವವೂ ಕೇಳಿಲ್ಲ. ಎರಡನೆಯದು ಮೊದಲನೆಯದರ ಮರೆಯಲ್ಲಿ ಬದುಕುತ್ತ ಬಂದಿದೆ. ಈ ಸೀಮೆಯ ಚರಿತ್ರೆಯನ್ನು ಹಿಂದಿನಿಂದ ನೋಡುತ್ತ ಬಂದರೆ ನಮ್ಮಲ್ಲಿ ಬಿಗಿಯಾಗಿ ಕಾಪಾಡಿಕೊಂಡು ಬಂದದ್ದು ಹೆಚ್ಚಾಗಿ ಎರಡನೆಯದನ್ನೇ ಎಂಬುದು ನನ್ನ ವಾದ.

ಆರಂಭಕ್ಕೆ ಸುರಪುರದವರೆಗೆ ಹೋಗಬಹುದು; 2009ರ ಕೊನೆಯಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಗುವವರೆಗೆ ಅದು ಗುಲಬರ್ಗಾ ಜಿಲ್ಲೆಯದೇ ಊರು. 1841ರಲ್ಲಿ ಅಲ್ಲಿಗೆ ಬಂದು, ಬಾಲಕ ದೊರೆ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್‌ನನ್ನು ಕನ್ನಡಿಗರು ಟೇಲರ್ ಮಂಜಿಲ್ ಎಂಬ ಅವನ ಬಂಗಲೆಯ ಮೂಲಕ ಬಲ್ಲರು. ನಿಜಾಮನ ಸೇವೆಯಲ್ಲಿದ್ದ ಅವನು ಸುರಪುರಕ್ಕೆ ಬರುವ ಮುನ್ನ, ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಕ್ಕರ ತಪ್ಪೊಪ್ಪಿಗೆಗಳನ್ನು ಬರೆದುಕೊಳ್ಳುವ ಕೆಲಸದಲ್ಲಿದ್ದ. ಅದರಿಂದಲೇ ಹುಟ್ಟಿದ್ದು 1839ರ ಅವನ ಪ್ರಸಿದ್ಧ ಕಾದಂಬರಿ. ವಿಲಿಯಂ ಸ್ಲೀಮನ್ ಮುನ್ನಡೆಸಿದ ಠಗ್ಗಿ ಇಲಾಖೆಯ ಕಾರ್ಯವಿಧಾನ ಗಮನಿಸಬೇಕಾದದ್ದು. ಸಿಕ್ಕಿಬಿದ್ದವನನ್ನು ಮಾಫಿಸಾಕ್ಷಿಯನ್ನಾಗಿ ಮಾಡಿ, ಅವನ ಬಾಯಿಂದ ಹೆಸರು, ವಂಶ, ದಾರಿ, ಹೂತ ಜಾಗಗಳನ್ನೆಲ್ಲ ಹೊರಡಿಸಿ, ಒಬ್ಬನ ಮಾತನ್ನು ಇನ್ನೊಬ್ಬನ ಮಾತಿನೊಂದಿಗೆ ತಾಳೆ ನೋಡಿ ವಂಶಾವಳಿಗಳನ್ನೇ ಬರೆಯಲಾಯಿತು. ಸಂಗ್ರಹ, ತಾಳೆ, ವರ್ಗೀಕರಣ, ಹಂಚಿಕೆ ಎಂಬ ಇಂದಿನ ಗುಪ್ತಚರ ಕೆಲಸದ ಹಂತಗಳೆಲ್ಲ ಅಲ್ಲಿಯೇ ಇವೆ. 1836ರ ಕಾಯ್ದೆ ಠಕ್ಕರ ಗುಂಪಿಗೆ ಸೇರಿದವನೆಂದು ಸಾಬೀತಾದರೆ ಸಾಕು, ಜೀವಾವಧಿ ಶಿಕ್ಷೆ ಎಂದಿತು. ಅಪರಾಧ ದೇಶೀಯ ಸಂಸ್ಥಾನದಲ್ಲಿ ನಡೆದಿದ್ದರೂ ವಿಚಾರಣೆ ಕಂಪನಿಯ ನ್ಯಾಯಾಲಯದಲ್ಲಿ. ಇಲ್ಲೊಂದು ವಿಚಿತ್ರವಿದೆ. ಮಾಹಿತಿದಾರ ಯಾರೆಂಬುದು ಆಗ ಗುಟ್ಟೇ ಆಗಿರಲಿಲ್ಲ. ಅವನ ಹೆಸರು ಅಚ್ಚಾಗುತ್ತಿತ್ತು. ನಿಜಾಮನ ನೆಲದಲ್ಲಿ ಯಾರ ಕೈಗೂ ಸಿಗದೆ ಇದ್ದದ್ದು ಆ ಇಲಾಖೆಯ ತೀರ್ಮಾನ. ಅದನ್ನು ಪ್ರಶ್ನಿಸುವ ಸ್ಥಳೀಯ ನ್ಯಾಯಾಲಯವಿರಲಿಲ್ಲ.

ಆ ಇಲಾಖೆ ಠಕ್ಕರೊಂದಿಗೆ ಮುಗಿಯಲಿಲ್ಲ. 1887ರ ಡಿಸೆಂಬರಿನಲ್ಲಿ ರಾಜಕೀಯ ಚಟುವಟಿಕೆಗಳ ಮೇಲೆ ಕಣ್ಣಿಡಲು ಹುಟ್ಟಿದ ಕೇಂದ್ರ ವಿಶೇಷ ಶಾಖೆಯನ್ನು ಇದಕ್ಕೇ ಜೋಡಿಸಲಾಯಿತು. 1904ರಲ್ಲಿ ಕರ್ಜನ್ ಕಾಲದಲ್ಲಿ ಹಳೆಯ ಇಲಾಖೆ ಅಪರಾಧ ಗುಪ್ತಚರ ಇಲಾಖೆಯಾಯಿತು. ಅದೇ ಬೆಳೆದು ಇಂದಿನ ಇಂಟೆಲಿಜೆನ್ಸ್ ಬ್ಯೂರೊ. ಐಬಿ ತನ್ನ ಜನ್ಮದಿನವೆಂದು ಎಣಿಸುವುದು 1887ರ ಡಿಸೆಂಬರ್ 23ನ್ನೇ. ಸಂವಿಧಾನ ಬಂದ ಮೇಲೂ ಸಂಸತ್ತು ಈ ಸಂಸ್ಥೆಯ ಅಧಿಕಾರ, ಕರ್ತವ್ಯಗಳನ್ನು ಹೇಳುವ ಕಾಯ್ದೆಯೊಂದನ್ನು ಮಾಡಲಿಲ್ಲ. 1968ರ ಸೆಪ್ಟೆಂಬರಿನಲ್ಲಿ ಆರ್.ಎನ್. ಕಾವ್ ನೇತೃತ್ವದಲ್ಲಿ ಹುಟ್ಟಿದ ರಾ ಸಂಸ್ಥೆಗೂ ಅದೇ ಗತಿ. 2012ರಲ್ಲಿ ಮೈಸೂರಿನಲ್ಲಿ ನೆಲೆಸಿದ್ದ ಐಬಿಯ ನಿವೃತ್ತ ಅಧಿಕಾರಿ ಆರ್.ಎನ್. ಕುಲಕರ್ಣಿಯವರು ಕರ್ನಾಟಕ ಹೈಕೋರ್ಟಿನಲ್ಲಿ ಕೇಳಿದ್ದು ಇದನ್ನೇ: ಐಬಿ ಯಾವ ಕಾನೂನಿನ ಅಡಿಯಲ್ಲಿದೆ? ಈ ಪ್ರಶ್ನೆಗೆ ಕೊಡುವ ರೂಢಿಯ ಉತ್ತರ, ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ ಕೇಂದ್ರೀಯ ಗುಪ್ತಚರ ಮತ್ತು ತನಿಖಾ ಬ್ಯೂರೊ ಎಂಬ ಎಂಟನೆಯ ನಮೂದು ಇದೆಯಲ್ಲ ಎಂಬುದು. ಆದರೆ ಆ ಪಟ್ಟಿ ಯಾವ ವಿಷಯದ ಮೇಲೆ ಸಂಸತ್ತು ಕಾನೂನು ಮಾಡಬಹುದೆಂದು ಹೇಳುತ್ತದೆಯೇ ಹೊರತು ತಾನೇ ಕಾನೂನಾಗುವುದಿಲ್ಲ. ಈ ಸಂಸ್ಥೆಗಳ ಹೆಸರಿರುವ ಕಾಯ್ದೆ ಇಲ್ಲವೇ ಇಲ್ಲವೆಂದಲ್ಲ. 1985ರ ಕಾಯ್ದೆಯೊಂದು ಗುಪ್ತಚರ ನೌಕರರು ಸಂಘ ಕಟ್ಟುವುದನ್ನು, ಪತ್ರಿಕೆಯವರೊಡನೆ ಮಾತಾಡುವುದನ್ನು ನಿರ್ಬಂಧಿಸುತ್ತದೆ. ನೌಕರ ಏನು ಮಾಡಬಾರದು ಎಂಬುದಕ್ಕೆ ಶಾಸನವಿದೆ, ಸಂಸ್ಥೆ ಏನು ಮಾಡಬಾರದು ಎಂಬುದಕ್ಕಿಲ್ಲ. 2011ರಲ್ಲಿ ಸಂಸದ ಮನೀಷ್ ತಿವಾರಿ ಈ ಕೊರತೆ ತುಂಬಲು ಖಾಸಗಿ ಮಸೂದೆಯೊಂದನ್ನು ತಂದರು, ಅದು ಕಾಯ್ದೆಯಾಗಲಿಲ್ಲ.

ಮತ್ತೆ 1948ಕ್ಕೆ ಬರೋಣ. ಸುಂದರಲಾಲ್ ವರದಿಯನ್ನು ಮುಚ್ಚಿಟ್ಟದ್ದನ್ನು ಸಮರ್ಥಿಸಲು ಗಟ್ಟಿಯಾದ ಕಾರಣಗಳಿದ್ದವು. ಹೈದರಾಬಾದಿನ ದೂರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದಿತ್ತು. ಕಾಶ್ಮೀರದಲ್ಲಿ ಯುದ್ಧ ಇನ್ನೂ ನಿಂತಿರಲಿಲ್ಲ. ದೇಶವಿಭಜನೆಯ ಗಾಯ ಹಸಿಯಾಗಿತ್ತು. ಸಂಸ್ಥಾನ ಸೇನಾ ಗವರ್ನರ್ ಜೆ.ಎನ್. ಚೌಧುರಿಯವರ ಕೈಯಲ್ಲಿತ್ತು, ಪ್ರತೀಕಾರದ ಹೊಸ ಅಲೆ ಏಳಬಹುದೆಂಬ ಭಯ ಸುಳ್ಳಾಗಿರಲಿಲ್ಲ. ಸಾಕ್ಷಿ ನುಡಿದವರು ಅದೇ ಹಳ್ಳಿಗಳಲ್ಲಿ, ತಾವು ಹೆಸರಿಸಿದವರ ನೆರೆಯಲ್ಲೇ ಬಾಳಬೇಕಿತ್ತು. ಆಗ, ಆ ಕೆಲವು ವರ್ಷ, ವರದಿಯನ್ನು ಬೀಗದಲ್ಲಿಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಈ ಕಾರಣಗಳಲ್ಲಿ ಯಾವುದೂ 1970ರವರೆಗೆ ಬದುಕಿರಲಿಲ್ಲ. ಸಾಕ್ಷಿಗಳ ಹೆಸರನ್ನು ಅಳಿಸಿ ಉಳಿದದ್ದನ್ನು ಪ್ರಕಟಿಸಲು ತಾಂತ್ರಿಕ ಅಡ್ಡಿಯೇನೂ ಇರಲಿಲ್ಲ. ಕೆಲವೆಡೆ ಸೈನಿಕರು, ಪೊಲೀಸರೇ ಲೂಟಿಗೆ ಕುಮ್ಮಕ್ಕು ಕೊಟ್ಟರೆಂಬ ಮಾತು ವರದಿಯಲ್ಲಿತ್ತು. ಬಹುಕಾಲ ಕಾಪಾಡಿದ್ದು ಅದನ್ನು, ಸಾಕ್ಷಿಗಳನ್ನಲ್ಲ.

ವರದಿ ಏಕಪಕ್ಷೀಯ, ನಿಜಾಮನ ಪರವಾಗಿ ಶಸ್ತ್ರ ಹಿಡಿದಿದ್ದ ರಜಾಕಾರರ ದೌರ್ಜನ್ಯವನ್ನು ತಕ್ಕಷ್ಟು ತೂಗಿಲ್ಲ ಎಂಬ ಆಕ್ಷೇಪ ಇನ್ನೊಂದು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡವನ್ನು ಈ ಸೀಮೆ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಮೂವರು ಮೂರು ವಾರದಲ್ಲಿ ಕಟ್ಟಿದ ಅಂದಾಜು ಅಂದಾಜೇ. 27,000ಕ್ಕೂ 40,000ಕ್ಕೂ ನಡುವಿನ ಅಂತರವೇ ಅದರ ಮಿತಿಯನ್ನು ಹೇಳುತ್ತದೆ. ಹಾಗಾದರೆ ಅದನ್ನು ಒರೆಗೆ ಹಚ್ಚಬೇಕಿತ್ತು: ಹಳ್ಳಿಯ ದಾಖಲೆ, ಕಂದಾಯ ಪಹಣಿ, 1951ರ ಜನಗಣತಿ, ಬದುಕಿದ್ದವರ ಮಾತು, ಎಲ್ಲವೂ ಆಗ ಕೈಗೆಟುಕುತ್ತಿದ್ದವು. ವರದಿ ಹೊರಬರುವ ಹೊತ್ತಿಗೆ ಸಾಕ್ಷಿಗಳ ತಲೆಮಾರು ಹೆಚ್ಚುಕಡಿಮೆ ಮುಗಿದಿತ್ತು. ರಜಾಕಾರರಿಂದ ನೊಂದವರ ಕಥೆಗೂ ಆನಂತರ ನೊಂದವರ ಕಥೆಗೂ ಒಂದೇ ಅಧಿಕೃತ ದಾಖಲೆಯ ಆಸರೆ ಸಿಗದೆ, ಎರಡೂ ಮನೆಮಾತಿನಲ್ಲಿ ಬೇರೆಬೇರೆಯಾಗಿ ಬೆಳೆದು, ನಿಜಾಮನ ಆಳ್ವಿಕೆ ಮುಗಿದ ಸೆಪ್ಟೆಂಬರ್ 17ರಂದು ಪ್ರತಿ ವರ್ಷ ನಡೆಯುವ ಭಾಷಣಗಳಿಗೆ ಸರಕಾದವು. ಗೋಪ್ಯತೆ ಶಾಂತಿಯನ್ನು ಕಾಪಾಡಿತು ಎನ್ನುವವರು ಈ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಿಂದೂ ನೆರೆಯವರು ಮುಸ್ಲಿಮರನ್ನು ತಮ್ಮ ಜೀವ ಪಣಕ್ಕಿಟ್ಟು ಉಳಿಸಿದ ಸಂಗತಿಯೂ ಅದೇ ವರದಿಯಲ್ಲಿತ್ತು. ಅದೂ ಬೀಗದೊಳಗೇ ಉಳಿಯಿತು.

ಕರ್ನಾಟಕದ ಮಟ್ಟದಲ್ಲಿ ತೀರ್ಮಾನದ ಗುಟ್ಟು ಬಯಲಾದ ದೊಡ್ಡ ಪ್ರಸಂಗ 1988ರದು. ರಾಜಕಾರಣಿಗಳ, ಇತರರ ದೂರವಾಣಿಗಳನ್ನು ರಾಜ್ಯದ ಪೊಲೀಸರು ಕದ್ದಾಲಿಸಿದ ಆರೋಪ ಸಂಸತ್ತಿನವರೆಗೆ ಹೋಗಿ, ಆಗಸ್ಟ್ 10ರಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿ ಹೋದರು, ವ್ಯವಸ್ಥೆ ಹಾಗೇ ಉಳಿಯಿತು. 1996ರ ಡಿಸೆಂಬರಿನಲ್ಲಿ ಕದ್ದಾಲಿಕೆಯನ್ನು ಪ್ರಶ್ನಿಸಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಗಮನಿಸಿದ ಒಂದು ಸಂಗತಿ ಬೆರಗು ಹುಟ್ಟಿಸುತ್ತದೆ: 1885ರ ಟೆಲಿಗ್ರಾಫ್ ಕಾಯ್ದೆಯ ಐದನೆಯ ಸೆಕ್ಷನ್ನು ಕದ್ದಾಲಿಕೆಗೆ ಅವಕಾಶ ಕೊಟ್ಟಿತ್ತು, ದುರುಪಯೋಗ ತಡೆಯಲು ನಿಯಮ ಮಾಡುವ ಅಧಿಕಾರವೂ ಅದೇ ಕಾಯ್ದೆಯಲ್ಲಿತ್ತು, ನಿಯಮವನ್ನು ಮಾತ್ರ ಯಾವ ಸರ್ಕಾರವೂ ಮಾಡಿರಲಿಲ್ಲ. ಕೋರ್ಟೇ ಕ್ರಮ ಹಾಕಿಕೊಟ್ಟಿತು. ಆದೇಶ ಗೃಹ ಕಾರ್ಯದರ್ಶಿಯದೇ ಆಗಬೇಕು, ಎರಡು ತಿಂಗಳಿಗೆ ಮುಗಿಯಬೇಕು, ಒಟ್ಟು ಆರು ತಿಂಗಳು ದಾಟಬಾರದು, ಪರಿಶೀಲನಾ ಸಮಿತಿ ನೋಡಬೇಕು. 2007ರಲ್ಲಿ ಇದು ನಿಯಮವಾಯಿತು. ಆದರೆ ಆ ಸಮಿತಿಯಲ್ಲಿರುವವರು ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಜೊತೆಗೆ ಇತರ ಕಾರ್ಯದರ್ಶಿಗಳು. ಪರೀಕ್ಷೆ ಬರೆದವನೇ ಉತ್ತರಪತ್ರಿಕೆ ತಿದ್ದಿದಂತೆ. ಎರಡು ತಿಂಗಳಿಗೊಮ್ಮೆ ಸೇರುವ ಕೇಂದ್ರ ಸಮಿತಿಯ ಮುಂದೆ ಪ್ರತಿ ಸಭೆಯಲ್ಲೂ 15,000ದಿಂದ 18,000 ಆದೇಶಗಳಿರುತ್ತವೆ ಎಂದು 2018ರಲ್ಲಿ ದತ್ತಾಂಶ ರಕ್ಷಣೆ ಕುರಿತ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿಯೇ ಹೇಳಿತು. ಅಷ್ಟನ್ನು ಓದಿ ವಿವೇಚಿಸುವುದು ಮನುಷ್ಯರಿಂದಾಗುವ ಕೆಲಸವಲ್ಲ. ಪೆಗಾಸಸ್ ಎಂಬ ಬೇಹು ತಂತ್ರಾಂಶದ ಪ್ರಕರಣದಲ್ಲಿ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯ ಸಮಿತಿ 29 ಫೋನುಗಳನ್ನು ಪರೀಕ್ಷಿಸಿ, ಐದರಲ್ಲಿ ಕುತಂತ್ರಾಂಶ ಕಂಡಿತು. ಅದು ಪೆಗಾಸಸ್ಸೇ ಎಂಬುದಕ್ಕೆ ಖಚಿತ ಸಾಕ್ಷ್ಯ ಸಿಗಲಿಲ್ಲ. ಕೇಂದ್ರ ಸರ್ಕಾರ ಸಮಿತಿಗೆ ಸಹಕರಿಸಲಿಲ್ಲವೆಂದು 2022ರ ಆಗಸ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿಗಳೇ ತೆರೆದ ನ್ಯಾಯಾಲಯದಲ್ಲಿ ಹೇಳಿದರು.

ಸಂಸದರ ಕೈಗೆ ಗುಟ್ಟು ಕೊಟ್ಟರೆ ಸೋರುತ್ತದೆ, ನಮ್ಮಂಥ ಗಡಿಗಳಿರುವ ದೇಶಕ್ಕೆ ಅದು ಅಪಾಯ ಎಂಬ ಮಾತು ಪದೇಪದೇ ಕೇಳಿಬರುತ್ತದೆ. ಬ್ರಿಟನ್ನಿನ ಎಂಐ5 ಹುಟ್ಟಿದ್ದು 1909ರಲ್ಲಿ. ಅದಕ್ಕೂ ಎಂಬತ್ತು ವರ್ಷ ಕಾನೂನಿರಲಿಲ್ಲ. 1989ರಲ್ಲಿ ಕಾಯ್ದೆ ಬಂತು, 1994ರಲ್ಲಿ ಸಂಸದರ ಸಮಿತಿ ಬಂತು, ಐರಿಷ್ ಬಾಂಬುಗಳು ಸಿಡಿಯುತ್ತಿದ್ದ ದಿನಗಳಲ್ಲೇ. ಅಮೆರಿಕದಲ್ಲಿ ಚರ್ಚ್ ಸಮಿತಿ 1975ರಲ್ಲಿ ಸಿಐಎ, ಎಫ್‌ಬಿಐಗಳ ಅತಿರೇಕಗಳನ್ನು ಬಯಲಿಗೆಳೆದ ಮೇಲೆ ಶಾಶ್ವತ ಸಮಿತಿಗಳಾದವು. ಈ ಸಮಿತಿಗಳು ಎಲ್ಲ ತಪ್ಪನ್ನೂ ತಡೆದವೆಂದಲ್ಲ. ಇರಾಕ್ ಯುದ್ಧದ ಮುನ್ನ ಎರಡೂ ದೇಶಗಳಲ್ಲಿ ಅವು ಮಂಕಾಗಿದ್ದವು. ಆದರೆ ತಪ್ಪಾದ ಮೇಲೆ ಯಾರನ್ನು ಕೇಳಬೇಕು ಎಂಬುದಾದರೂ ಅಲ್ಲಿ ಗೊತ್ತಿದೆ. ನ್ಯಾಯಾಲಯಗಳಿವೆಯಲ್ಲ, ಸಾಲದೇ ಎಂಬ ವಾದವೂ ನಿಲ್ಲುವುದಿಲ್ಲ. ತನ್ನ ಫೋನು ಕದ್ದಾಲಿಕೆಗೆ ಒಳಗಾಗಿದೆಯೆಂದು ತಿಳಿಯದವನು ಕೋರ್ಟಿಗೆ ಹೋಗುವುದು ಹೇಗೆ? ಗುಪ್ತಚರ ಸಂಸ್ಥೆಗಳ ಮೇಲೆ ಸಂಸತ್ತಿನ ನಿಗಾ ಬೇಕೆಂದು ಕೋರಿದ ಅರ್ಜಿಯನ್ನು 2016ರಲ್ಲಿ ಸುಪ್ರೀಂ ಕೋರ್ಟೇ ತಳ್ಳಿಹಾಕಿತು.

ಹೊಸ ಕಾಯ್ದೆಗಾಗಿ ದೆಹಲಿಯತ್ತ ನೋಡುತ್ತ ಕೂರುವ ಮುನ್ನ ಇರುವ ಕಾನೂನಿನಲ್ಲೇ ಮಾಡಬಹುದಾದ ಕೆಲಸವೊಂದಿದೆ. ಮಾಹಿತಿ ಹಕ್ಕು ಕಾಯ್ದೆಯ ಎಂಟನೆಯ ಸೆಕ್ಷನ್ನಿನ ಮೂರನೆಯ ಉಪವಿಭಾಗ ಇಪ್ಪತ್ತು ವರ್ಷಕ್ಕಿಂತ ಹಳೆಯ ಘಟನೆಗಳ ಮಾಹಿತಿಯನ್ನು, ಕೆಲವು ವಿನಾಯಿತಿಗಳ ಹೊರತು, ಕೊಡಲೇಬೇಕೆನ್ನುತ್ತದೆ. ಐಬಿ, ರಾ ಮುಂತಾದವನ್ನು ಹೊರಗಿಟ್ಟ 24ನೆಯ ಸೆಕ್ಷನ್ನು ಕೂಡ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಮಾಹಿತಿಗೆ ಬಾಗಿಲು ತೆರೆದಿಟ್ಟಿದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಹಳೆಯ ಕಡತಗಳನ್ನು ಪತ್ರಾಗಾರಕ್ಕೆ ಒಪ್ಪಿಸುವ ಹೊಣೆಯನ್ನು ಇಲಾಖೆಗಳ ಮೇಲೆ ಹೊರಿಸಿದೆ. ಗುಲಬರ್ಗಾ ವಿಶ್ವವಿದ್ಯಾಲಯದ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಚರಿತ್ರೆಯ ವಿದ್ಯಾರ್ಥಿಗಳು 1948 ಮತ್ತು 49ರ ಸೇನಾ ಆಡಳಿತದ ಕಡತಗಳಿಗಾಗಿ ಈ ಕಾನೂನುಗಳಡಿ ಅರ್ಜಿ ಹಾಕಲಿ. ಸಿಕ್ಕದ್ದನ್ನು ಸಾಕ್ಷಿಗಳ ಹೆಸರು ಬಿಟ್ಟು ಕನ್ನಡದಲ್ಲಿ ಪ್ರಕಟಿಸಲಿ. ನಿರಾಕರಿಸಿದರೆ ನಿರಾಕರಣೆಯ ಆದೇಶವನ್ನೇ, ಸಹಿ ಮಾಡಿದ ಅಧಿಕಾರಿಯ ಹುದ್ದೆಯೊಂದಿಗೆ, ಅಚ್ಚು ಹಾಕಲಿ.